ಅಜ್ಜಿಯ ಮಚ್ಚೆ ಯಾವ ಕಡೆ?

“ಮೂಗು ಹೇಗಿತ್ತು ಅಂತ ಯಾರಾದ್ರೂ ಒಬ್ರು ಹೇಳ್ರಪ್ಪ. ಮೂರು ಜನ ಮೂರು ಮೂಗು ಹೇಳಿದ್ರೆ ನಾನು ಯಾವುದನ್ನ ಬರೀಲಿ?”

ಬಸವಲಿಂಗಪ್ಪ ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದರು. ಪಾಪ, ಅವರ ಅಂಗಿಯ ತೋಳಿನ ಮೇಲೆ ಆಗಲೇ ಎರಡು ಬಗೆಯ ಮೂಗಿನ ಬಣ್ಣ ಒಣಗುತ್ತಿತ್ತು.

ಬಸವಲಿಂಗಪ್ಪ ಮಾಗಡಿ ರೋಡಿನ ಅಂಗಡಿಗಳಿಗೆ ಬೋರ್ಡು ಬರೆಯುವವರು. ಸೈಕಲ್ ಶಾಪಿನ ಸೈಕಲ್ಲು, ಸೋಡಾ ಅಂಗಡಿಯ ಗೋಲಿ ಬಾಟ್ಲಿ, ಕ್ಷೌರದಂಗಡಿಯ ಮೀಸೆಯ ಗಂಡಸು, ಎಲ್ಲ ಅವರ ಕೈಯವೇ. ಆದರೆ ತಾವು ಕಣ್ಣಾರೆ ನೋಡದ, ಈಗ ಬದುಕಿಯೂ ಇಲ್ಲದ ಒಬ್ಬ ಅಜ್ಜಿಯನ್ನು ಬರೆಯುವ ಕೆಲಸ ಅವರಿಗೆ ಇದೇ ಮೊದಲು.

ಕೇತಮಾರನಹಳ್ಳಿಯ ನಾರಾಯಣಪ್ಪನ ಮನೆಯ ಜಗಲಿಯಲ್ಲಿ ಹಲಗೆ ನಿಲ್ಲಿಸಿದ್ದರು. ಸುತ್ತ ಎಲ್ಲರೂ ಕುಳಿತಿದ್ದರು. ಹತ್ತು ವರ್ಷದ ನೀಲ, ಅವಳ ಅಪ್ಪ ನಾರಾಯಣಪ್ಪ, ಅಮ್ಮ ರಾಮಮ್ಮ, ಕೆಂಗೇರಿಯಿಂದ ಬಂದಿದ್ದ ಸೋದರತ್ತೆ ಮುನಿಲಕ್ಷ್ಮಮ್ಮ. ಇವರೆಲ್ಲ ಸೇರಿ ನೀಲಳ ಅಜ್ಜಿಯ ಮುಖವನ್ನು ನೆನಪು ಮಾಡಿಕೊಂಡು ಹೇಳಬೇಕು, ಬಸವಲಿಂಗಪ್ಪ ಬರೆಯಬೇಕು. ಅದು ಅಪ್ಪನ ಯೋಚನೆ.

“ನಮ್ಮವ್ವಂದು ಗಿಣಿ ಮೂಗು” ಎಂದಳು ಅತ್ತೆ.

“ಗಿಣಿ ಮೂಗು ನಿಂದು. ಅವ್ವಂದು ಸ್ವಲ್ಪ ದಪ್ಪ” ಎಂದ ಅಪ್ಪ.

“ನತ್ತು ಹಾಕ್ಕೊಂಡ್ರೆ ದಪ್ಪ, ತೆಗೆದ್ರೆ ತೆಳ್ಳಗೆ ಕಾಣ್ತಿತ್ತು” ಎಂದು ಅಮ್ಮ ಇಬ್ಬರಿಗೂ ಸಮಾಧಾನವಾಗುವ ಹಾಗೆ ಹೇಳಿದಳು. ಬಸವಲಿಂಗಪ್ಪ ದೊಡ್ಡದೊಂದು ನತ್ತು ಬರೆದು ಮೂಗನ್ನೇ ಮುಚ್ಚಿಬಿಟ್ಟರು. ಜಾಣತನ ಅಂದರೆ ಅದು.

ಕೊನೆಗೆ ಮಚ್ಚೆಯ ಸರದಿ ಬಂತು. ಅಜ್ಜಿಯ ಕೆನ್ನೆಯ ಮೇಲೆ ಹುರುಳಿಕಾಳಿನಷ್ಟು ದೊಡ್ಡ ಮಚ್ಚೆಯಿತ್ತು. ಅದರ ವಿಷಯದಲ್ಲಿ ಯಾರಿಗೂ ಅನುಮಾನವಿರಲಿಲ್ಲ.

“ಎಲ್ಲಿಡ್ಲಿ? ಈ ಕಡೇನೋ, ಆ ಕಡೇನೋ?”

“ಆ ಕಡೆ, ಬಾಗಿಲ ಕಡೆ ಕೆನ್ನೆಗೆ” ಎಂದು ಅಪ್ಪ, ಅಮ್ಮ, ಅತ್ತೆ ಮೂವರೂ ಒಟ್ಟಿಗೆ ತೋರಿಸಿದರು. ಬೆಳಗಿನಿಂದ ಮೂವರಿಗೂ ಒಪ್ಪಿಗೆಯಾದದ್ದು ಅದೊಂದೇ.

“ಅಲ್ಲ! ಈ ಕಡೆ!” ನೀಲ ಎದ್ದು ನಿಂತು ಚಿತ್ರದ ಇನ್ನೊಂದು ಕೆನ್ನೆಗೆ ಬೆರಳಿಟ್ಟಳು. ಬಣ್ಣ ಇನ್ನೂ ಒಣಗಿರಲಿಲ್ಲ. ಬೆರಳು ಅಂಟಿಕೊಂಡಿತು.

“ಏಯ್, ಮುಟ್ಬೇಡ್ವೇ!” ಎಂದರು ಬಸವಲಿಂಗಪ್ಪ.

“ಈ ಕಡೇನೇ ಇದ್ದಿದ್ದು. ನನಗೆ ಚೆನ್ನಾಗಿ ಗೊತ್ತು.”

ಅತ್ತೆ ನಕ್ಕುಬಿಟ್ಟಳು. “ಏನೇ ನೀಲ, ಅಜ್ಜಿ ಹೋಗಿ ಇನ್ನೂ ಒಂದು ವರ್ಷ ಆಗಿಲ್ಲ. ಅಷ್ಟರಲ್ಲೇ ಮುಖಾನೂ ಮರೆತ್ಯಾ? ನಿನ್ನನ್ನ ಅಷ್ಟು ಮುದ್ದು ಮಾಡಿದ್ದಕ್ಕೆ ಸಾರ್ಥಕ ಆಯ್ತು ಬಿಡು!”

ಅತ್ತೆ ತಮಾಷೆಗೇ ಹೇಳಿದ್ದು. ಆದರೆ ನೀಲಳಿಗೆ ಆ ಮಾತು ಚುಚ್ಚಿತು. ಬೆರಳಿಗಂಟಿದ ಬಣ್ಣವನ್ನು ಲಂಗಕ್ಕೆ ಒರೆಸಿಕೊಂಡು ಹಿತ್ತಲಿಗೆ ಹೋಗಿಬಿಟ್ಟಳು. ಹೊಸ ಲಂಗ ಅದು. ಅವತ್ತು ಅಮ್ಮ ಬೈಯಲೂ ಇಲ್ಲ.

ಹಿತ್ತಲ ಆಚೆ ಅವರ ಹೂವಿನ ತೋಟ. ಮೊದಲು ಅದು ಕೆರೆಯ ಏರಿಯವರೆಗೂ ಇತ್ತಂತೆ. ಈಗ ಅರ್ಧಕ್ಕೇ ನಿಲ್ಲುತ್ತದೆ. ಉಳಿದರ್ಧದಲ್ಲಿ ರಾಜಾಜಿನಗರದ ಹೊಸ ರಸ್ತೆಗಳು, ಹೊಸ ಮನೆಗಳು. ನೀಲಳ ಗೆಳತಿ ಜಗದಾಂಬಾ ಅಂಥ ಹೊಸ ಮನೆಯವಳು. ಅವರ ಮನೆಯ ನಡುಮನೆಯಲ್ಲಿ ಅವಳ ತೀರಿಹೋದ ಅಜ್ಜಿಯ ಫೋಟೋ ಇತ್ತು. ಫೋಟೋಗೆ ಗಂಧದ ಹಾರ, ಮೇಲೊಂದು ಕೆಂಪು ಬಲ್ಬು. ಅದನ್ನು ನೋಡಿಕೊಂಡು ಬಂದ ಮೇಲೆಯೇ ಅಪ್ಪನಿಗೂ ಆಸೆ ಹುಟ್ಟಿದ್ದು. ಈ ಸಲ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಅವ್ವನ ಫೋಟೋ ಮುಂದೆಯೇ ಇಡಬೇಕು ಎಂದು.

ಆದರೆ ಫೋಟೋ ಎಲ್ಲಿತ್ತು?

ನೀಲಳ ಅಜ್ಜಿ ವೆಂಕಟಲಕ್ಷ್ಮಮ್ಮ ಮೊಗ್ಗಿನ ಜಡೆ ಕಟ್ಟುವವಳು. ಮದುವೆಯ ಹೆಣ್ಣಿನ ಜಡೆಗೆ ಮಲ್ಲಿಗೆ ಮೊಗ್ಗನ್ನು ಸಾಲಾಗಿ ಹೊಲಿದು, ನಡುವೆ ಕನಕಾಂಬರ, ಮರುಗ, ಜರಿ ಕೂರಿಸಿ, ನೆತ್ತಿಯಿಂದ ಸೊಂಟದವರೆಗೆ ತೋಟವನ್ನೇ ಇಳಿಬಿಡುತ್ತಿದ್ದಳು. ಎಲ್ಲೆಲ್ಲಿಂದಲೋ ಅವಳಿಗೆ ಕರೆ ಬರುತ್ತಿತ್ತು. ಮೈಸೂರು, ಮದರಾಸು, ಪುಣೆ, ಬೊಂಬಾಯಿ. ಸೂಜಿ ದಾರದ ಒಂದು ಡಬ್ಬಿ, ಒಂದು ಬುಟ್ಟಿ, ಎರಡು ಸೀರೆ. ಇಷ್ಟು ಕಟ್ಟಿಕೊಂಡು ಅಜ್ಜಿ ರೈಲು ಹತ್ತಿಬಿಡುತ್ತಿದ್ದಳು. ಓದು ಬರಹ ಬರುತ್ತಿರಲಿಲ್ಲ. ಹೋದ ಊರಲ್ಲಿ ಯಾವತ್ತೂ ದಾರಿ ಮಾತ್ರ ತಪ್ಪುತ್ತಿರಲಿಲ್ಲ.

ಸ್ಕೂಲಿಗೆ ಹೊರಡುವ ಮೊದಲು ನೀಲಳಿಗೆ ತಲೆ ಬಾಚುವುದು ಅಜ್ಜಿಯ ಕೆಲಸ. ಗೋಡೆಗೆ ಒರಗಿಸಿದ ಕನ್ನಡಿಯ ಮುಂದೆ ನೀಲ, ಅವಳ ಬೆನ್ನ ಹಿಂದೆ ಮಣೆ ಹಾಕಿಕೊಂಡು ಅಜ್ಜಿ. ಬಾಚಣಿಗೆ ಓಡಿದಂತೆ ಕತೆಯೂ ಓಡುತ್ತಿತ್ತು.

“ಒಂದ್ಸಲ ಕೊಲಂಬೋಕ್ಕೆ ಹೋಗಿದ್ದೆ ಕಣೇ. ಮಧುರೇಲಿ ಮೊಗ್ಗು ತಗೊಂಡು, ಒದ್ದೆ ಬಟ್ಟೇಲಿ ಸುತ್ತಿ, ಧನುಷ್ಕೋಟಿಯಿಂದ ಹಡಗು ಹತ್ತಿದ್ವಿ. ಹಡಗು ತೊಟ್ಟಿಲ ಹಂಗೆ ತೂಗ್ತು ನೋಡು, ಎಲ್ರೂ ಸಾಲಾಗಿ ಕೂತು ವಾಂತಿ! ನಾನೊಬ್ಳು ಮೊಗ್ಗು ಕಟ್ತಾ ಕೂತಿದ್ದೆ.”

“ನಿಂಗೆ ಭಯ ಆಗ್ಲಿಲ್ವಾ ಅಜ್ಜಿ?”

“ಆಯ್ತು. ಮೊಗ್ಗು ಅರಳಿಬಿಟ್ರೆ ಏನು ಗತಿ ಅಂತ.”

ನೋಡಿದ್ದನ್ನೆಲ್ಲ ಅಜ್ಜಿ ಜಡೆಯಲ್ಲಿ ಹೊಲಿಯುತ್ತಿದ್ದಳು. ಬಿಜಾಪುರಕ್ಕೆ ಹೋಗಿ ಬಂದ ಮೇಲೆ ಹೆಣ್ಣುಗಳ ನೆತ್ತಿಯ ಮೇಲೆ ಗುಮ್ಮಟ ಎದ್ದಿತು. ಕೊಲಂಬೋದಿಂದ ಬಂದ ಮೇಲೆ ಜಡೆಯ ಉದ್ದಕ್ಕೂ ಅಲೆಗಳು ಬಂದವು. ರೈಲು ಕಂಬಿಯ ಹೆಣಿಗೆ ಅಂತೂ ಸುತ್ತಮುತ್ತಲ ಮದುವೆಗಳಲ್ಲಿ ಹೆಸರುವಾಸಿ.

ಆದರೆ ಮಾರನೆಯ ಬೆಳಿಗ್ಗೆ ಎಲ್ಲವೂ ಬಾಡಿ ಕಂದಾಗಿ ತಿಪ್ಪೆಗೆ ಹೋಗುತ್ತಿತ್ತು. ನೀಲಳಿಗೆ ಅಳುವೇ ಬರುತ್ತಿತ್ತು. ಅಜ್ಜಿ ಮಾತ್ರ, “ಬಾಡದೆ ಹಂಗೇ ಇದ್ರೆ ನಾಳೆ ನನ್ನನ್ನ ಯಾರೇ ಕರೀತಾರೆ?” ಎಂದು ನಗುತ್ತಿದ್ದಳು.

ಹೀಗಾಗಿ ಅಜ್ಜಿಯ ಕೈಕೆಲಸ ಒಂದೂ ಉಳಿದಿರಲಿಲ್ಲ. ಅಜ್ಜಿಯ ಫೋಟೋ ಕೂಡ ಇರಲಿಲ್ಲ. ಯಾರಾದರೂ ಕ್ಯಾಮೆರಾ ತೋರಿಸಿದರೆ, “ನನ್ನ ಮುಖದಲ್ಲೇನಿದೆ, ಜಡೆ ತೆಗೀರಿ” ಎಂದು ಪಕ್ಕಕ್ಕೆ ಸರಿದುಬಿಡುತ್ತಿದ್ದಳು. ಊರೂರಿನ ಮನೆಗಳಲ್ಲಿ ಅಜ್ಜಿ ಕಟ್ಟಿದ ಜಡೆಯ ಫೋಟೋಗಳಿದ್ದವು. ಅವುಗಳಲ್ಲಿ ಅಜ್ಜಿ ಮಾತ್ರ ಎಲ್ಲೂ ಇರಲಿಲ್ಲ.

ನೀಲ ಮಲ್ಲಿಗೆ ಬಳ್ಳಿಯ ಬುಡದಲ್ಲಿ ಕುಳಿತು ಕಣ್ಣು ಮುಚ್ಚಿದಳು. ಅಜ್ಜಿಯ ಮುಖ ಬಂತು. ಮಚ್ಚೆ ಈ ಕಡೆಯೇ ಇತ್ತು. ಕಣ್ಣು ತೆರೆದು ಮತ್ತೆ ಮುಚ್ಚಿದಳು. ಈ ಕಡೆಯೇ!

ಆದರೆ ದೊಡ್ಡವರು ಮೂವರೂ ಆ ಕಡೆ ಎನ್ನುತ್ತಾರಲ್ಲ? ಅಪ್ಪ ಅಜ್ಜಿಯ ಮಗ. ಅಪ್ಪನಿಗೆ ತಪ್ಪುವುದುಂಟೆ? ಹಾಗಾದರೆ ತಾನೇ ಮರೆಯುತ್ತಿದ್ದೀನಾ? ಇವತ್ತು ಮಚ್ಚೆ ಜಾಗ ಬದಲಾಯಿಸಿದೆ. ನಾಳೆ ನಗುವನ್ನೂ ಮರೆತರೆ? ಆಮೇಲೆ ದನಿಯನ್ನೂ ಮರೆತರೆ? ಅಜ್ಜಿ ಸತ್ತಾಗ ಆದದ್ದು ದುಃಖ. ಇದು ಭಯ.

ಸಂಜೆಗೆ ಚಿತ್ರ ಮುಗಿಯಿತು. ಎಲ್ಲರೂ ಹಲಗೆಯ ಮುಂದೆ ನಿಂತರು.

“ಚೆನ್ನಾಗಿದೆ” ಎಂದಳು ಅಮ್ಮ, ಬಹಳ ಹೊತ್ತಿನ ಮೇಲೆ. “ಕೈಗೊಂದು ಕಮಲ ಕೊಟ್ರೆ ಲಕ್ಷ್ಮೀದೇವೀನೇ.”

ಅಜ್ಜಿಯ ಮುಖ ಉರುಟಾಗಿ, ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಸುಕ್ಕು ಒಂದೂ ಇರಲಿಲ್ಲ. ಅಪ್ಪ ಮಾತ್ರ ಆಸೆ ಬಿಡಲಿಲ್ಲ.

“ಸ್ಟುಡಿಯೋ ವೆಂಕಟಗಿರಿಯವರ ಹತ್ರ ತಗೊಂಡು ಹೋಗ್ತೀನಿ. ಇದನ್ನೇ ಫೋಟೋ ತೆಗೆದ್ರೆ ಈ ಗುಲಾಬಿ ಬಣ್ಣ ಎಲ್ಲ ಹೋಗುತ್ತಲ್ಲ. ಕಪ್ಪು ಬಿಳುಪಿನಲ್ಲಿ ಅವ್ವನ ಹಂಗೇ ಕಂಡ್ರೂ ಕಾಣಬೋದು. ನೀಲ, ಹಲಗೆ ಆ ಕಡೆ ಹಿಡ್ಕೋ ಬಾ.”

ಮಾರನೆಯ ದಿನ ಭಾನುವಾರ. ಅದರ ಮಾರನೆಯ ದಿನ ಅಮಾವಾಸ್ಯೆ. ಅಪ್ಪ ಮಗಳು ಹಲಗೆಯ ಒಂದೊಂದು ತುದಿ ಹಿಡಿದು ಮಾಗಡಿ ರೋಡಿನಲ್ಲಿ ನಡೆದರು. ದಾರಿಯಲ್ಲಿ ಒಬ್ಬಾಕೆ ಚಪ್ಪಲಿ ಬಿಟ್ಟು ಹಲಗೆಗೆ ಕೈಮುಗಿದಳು. ಅಪ್ಪ ಕೆಮ್ಮಿ ಬೇರೆ ಕಡೆ ನೋಡಿದ.

ವೆಂಕಟಗಿರಿ ಚಿತ್ರವನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು.

“ತೆಗೆಯೋದೇನೋ ತೆಗೀತೀನಿ ನಾರಾಯಣಪ್ಪ. ಆದ್ರೆ ದೇವರ ಫೋಟೋ ದೇವರ ಫೋಟೋ ಥರಾನೇ ಬರುತ್ತೆ. ವೆಂಕಟಲಕ್ಷ್ಮಮ್ಮ ಹೇಗೆ ಬರ್ತಾರೆ?”

ಅಪ್ಪ ಬೆಂಚಿನ ಮೇಲೆ ಕುಳಿತ. ಅಪ್ಪ ಹಾಗೆ ಭುಜ ಇಳಿಸಿ ಕುಳಿತದ್ದನ್ನು ನೀಲ ಅದುವರೆಗೆ ನೋಡಿರಲಿಲ್ಲ.

“ನಿಮ್ಮವ್ವಂಗೆ ಕ್ಯಾಮೆರಾ ಅಂದ್ರೆ ಆಗ್ತಿರಲಿಲ್ಲ” ಎಂದು ವೆಂಕಟಗಿರಿ ಮಾತು ಹಗುರ ಮಾಡಿದರು. “ಈ ಹುಡುಗಿಗೆ ಜಡೆ ಕಟ್ಟಿ ಕರ್ಕೊಂಡು ಬಂದಿದ್ರಲ್ಲ, ಜ್ಞಾಪಕ ಇದೆಯಾ? ಒಂದು ಮೊಗ್ಗಿಗೋಸ್ಕರ ನನ್ನ ಫೋಟೋ ಪ್ಲೇಟು ಹಾಳು ಮಾಡಿದ್ರು!”

ನೀಲಳಿಗೆ ಜ್ಞಾಪಕವಿಲ್ಲದೆ ಏನು? ಆಗ ಅವಳಿಗೆ ಎಂಟು ವರ್ಷ. ಅಜ್ಜಿ ಸಮುದ್ರದ ಅಲೆಯ ಜಡೆ ಹೊಲಿದಿದ್ದಳು. ಹಿಂದಿನ ಜಡೆಯೂ ಕಾಣಲಿ ಎಂದು ವೆಂಕಟಗಿರಿ ನೀಲಳ ಬೆನ್ನ ಹಿಂದೆ ನಿಲುಗನ್ನಡಿ ಇಟ್ಟರು. “ಅಲ್ಲಾಡ್ಬೇಡ, ರೆಡೀ...” ಎಂದು ಕ್ಯಾಮೆರಾದ ರಬ್ಬರ್ ಬಲೂನು ಒತ್ತಿ ಫೋಟೋ ತೆಗೆಯುವ ಹೊತ್ತಿಗೆ ಪಕ್ಕದಿಂದ ಅಜ್ಜಿ, “ತಡೀರಪ್ಪಾ! ಒಂದು ಮೊಗ್ಗು ಜಾರಿದೆ!” ಎಂದು ಕನ್ನಡಿಯ ಕಡೆ ಕೈ ಚಾಚಿ ಒಂದು ಹೆಜ್ಜೆ ಮುಂದೆ ಬಂದಿದ್ದಳು. “ಅಯ್ಯೋ, ಹಾಳಾಯ್ತು!” ಎಂದು ವೆಂಕಟಗಿರಿ ತಲೆಗೆ ಕೈ ಹಚ್ಚಿಕೊಂಡಿದ್ದರು. ಅಜ್ಜಿ ನಿಧಾನವಾಗಿ ಮೊಗ್ಗು ಸರಿ ಮಾಡಿದ ಮೇಲೆ ತೆಗೆದ ಎರಡನೆಯ ಫೋಟೋ ಮನೆಯ ಗೋಡೆಯ ಮೇಲಿದೆ. ಅದರಲ್ಲಿ ನೀಲ ಇದ್ದಾಳೆ, ಜಡೆ ಇದೆ. ಅಷ್ಟೇ.

“ಬಾಯಾರಿಕೆ ಆಯ್ತಾ ಪುಟ್ಟ? ಒಳಗೆ ಹೂಜಿ ಇದೆ, ಕುಡಿ ಹೋಗು” ಎಂದರು ವೆಂಕಟಗಿರಿ.

ಒಳಕೋಣೆಯಲ್ಲಿ ಹೂಜಿಯ ಮೇಲೆ ಒಂದು ಕಿಟಕಿ. ಕಿಟಕಿಯ ಚೌಕಗಳಲ್ಲಿ ಕೆಲವಕ್ಕೆ ಮಾಮೂಲಿ ಗಾಜು, ಇನ್ನು ಕೆಲವು ಕಪ್ಪುಕಪ್ಪು. ಬೀದಿ ಹುಡುಗರ ಗಿಲ್ಲಿ ಬಿದ್ದು ಗಾಜು ಒಡೆದಾಗಲೆಲ್ಲ ವೆಂಕಟಗಿರಿ ಹಾಳಾದ ನೆಗೆಟಿವ್ ಫೋಟೋ ಪ್ಲೇಟನ್ನು ತಂದು ಅಲ್ಲಿ ಕೂರಿಸಿಬಿಡುತ್ತಿದ್ದರು. ಅವೂ ಗಾಜೇ ತಾನೆ?

ಬಿಸಿಲು ಬಿದ್ದು ಪ್ಲೇಟುಗಳು ಹೊಳೆಯುತ್ತಿದ್ದವು. ನೀಲ ಲೋಟ ಹಿಡಿದುಕೊಂಡೇ ನೋಡಿದಳು. ಕಣ್ಣು ಮುಚ್ಚಿದ ಮದುಮಗ. ಎರಡು ತಲೆ ಬಂದುಬಿಟ್ಟ ಮಗು. ಎಲ್ಲರ ಮುಖವೂ ಕಪ್ಪು, ಎಲ್ಲರ ತಲೆಗೂದಲೂ ಬಿಳುಪು. ಅದರ ಪಕ್ಕದಲ್ಲಿ ಕಪ್ಪು ಮುಖದ, ಬಿಳೀ ಕೂದಲಿನ ಒಂದು ಪುಟ್ಟ ಹುಡುಗಿ. ಅವಳ ಹಿಂದೆ ಕನ್ನಡಿ. ಕನ್ನಡಿಯೊಳಗೆ ಕಪ್ಪಾದ ಮೊಗ್ಗಿನ ಜಡೆ. ಜಡೆಯಲ್ಲಿ ಅಲೆಗಳು.

ಆ ಅಲೆಗಳ ಪಕ್ಕದಲ್ಲಿ ಯಾರೋ ನಿಂತಿದ್ದರು. ಕನ್ನಡಿಯೊಳಗೆ. ಹೆಂಗಸು. ಒಂದು ಕೈ ಮೇಲೆತ್ತಿ, ಬೆರಳು ಮುಂದೆ ಮಾಡಿ, ಮೊಗ್ಗನ್ನೇ ದಿಟ್ಟಿಸುತ್ತಿದ್ದಳು. ಅವಳ ಕೂದಲು ಮಾತ್ರ ಕಡುಕಪ್ಪು.

ಇಲ್ಲಿ ಕಪ್ಪಾಗಿ ಕಾಣುವ ಕೂದಲು ನಿಜವಾಗಿ ಬಿಳುಪಿರಬೇಕಲ್ಲವೆ?

ಲೋಟ ಕೈಯಿಂದ ಜಾರಿತು.

“ಅಪ್ಪಾ! ಅಪ್ಪಾ, ಬೇಗ ಬಾ! ಅಜ್ಜಿ ಕಿಟಕೀಲಿದೆ!”

ಅಪ್ಪ ಓಡಿ ಬಂದ. ಹಿಂದೆಯೇ ವೆಂಕಟಗಿರಿ. ಅಪ್ಪನಿಗೆ ಮೊದಲು ಏನೂ ಗೊತ್ತಾಗಲಿಲ್ಲ. ವೆಂಕಟಗಿರಿ ಕನ್ನಡಕ ಏರಿಸಿ ಬಗ್ಗಿ ನೋಡಿ, “ಶಿವನೇ! ಪಕ್ಕದಲ್ಲಿ ನಿಂತವರು ಕನ್ನಡೀಲಿ ಬಂದುಬಿಟ್ಟಿದ್ದಾರೆ! ಹಾಳಾಯ್ತು ಅಂತ ನಾನು ಸರಿಯಾಗಿ ನೋಡ್ಲೇ ಇಲ್ಲವಲ್ಲಪ್ಪ” ಎಂದರು. ಮಳೆ ಬಿಸಿಲು ತಿಂದ ಪ್ಲೇಟನ್ನು ಮೊಳೆ ಸರಿಸಿ, ಮಗುವನ್ನು ಎತ್ತಿಕೊಳ್ಳುವ ಹಾಗೆ ಕೆಳಗಿಳಿಸಿದರು.

“ಆದ್ರೆ ಇದ್ರಲ್ಲಿ ನೀಲಾನೂ ಇದಾಳಲ್ಲ” ಎಂದ ಅಪ್ಪ. “ಬದುಕಿರೋ ಮಗು ಫೋಟೋಗೆ ಹಾರ ಹಾಕಿ ಎಡೆ ಇಡೋಕಾಗುತ್ತಾ?”

“ಛೆ ಛೆ, ಕನ್ನಡಿ ಒಳಗಿನ ಭಾಗ ಅಷ್ಟೇ ದೊಡ್ಡದು ಮಾಡ್ತೀನಿ. ನಿಮ್ಮವ್ವ ಇರ್ತಾರೆ, ಪಕ್ಕದಲ್ಲಿ ಜಡೆ ಇರುತ್ತೆ. ಬನ್ನಿ ಇಬ್ರೂ. ಬಾಗಿಲು ಹಾಕ್ಕೊಂಡ ಮೇಲೆ ಯಾರೂ ತೆಗೀಬಾರ್ದು.”

ಕತ್ತಲೆ ಕೋಣೆಯಲ್ಲಿ ಒಂದು ಕೆಂಪು ದೀಪ ಮಾತ್ರ ಇತ್ತು. ಏನೋ ಹುಳಿ ವಾಸನೆ. ವೆಂಕಟಗಿರಿ ಮೊದಲು ಪರೀಕ್ಷೆಗೆಂದು ಸಣ್ಣ ಕಾಗದವೊಂದರ ಮೇಲೆ ಪ್ಲೇಟಿನ ಮೂಲಕ ಬೆಳಕು ಬೀಳಿಸಿ, ಅದನ್ನು ತಟ್ಟೆಯ ಔಷಧಿ ನೀರಿಗೆ ಇಳಿಸಿದರು. ಬಿಳೀ ಕಾಗದ. ಏನೂ ಇರಲಿಲ್ಲ. ನೀಲ ತುದಿಗಾಲಲ್ಲಿ ನಿಂತು ತಟ್ಟೆಯೊಳಗೆ ಇಣುಕಿದಳು.

ಬೂದು ಬಣ್ಣದ ಒಂದು ಗೆರೆ ಬಂತು. ಸೆರಗಿನ ಅಂಚು. ಆಮೇಲೆ ಎತ್ತಿದ ಕೈ, ಕೈಯ ಬಳೆ. ಆಮೇಲೆ ಹುಬ್ಬು. ತುಟಿಯ ನಡುವೆ ಕಚ್ಚಿಕೊಂಡ ಸೂಜಿ! ಹೌದು, ಅಜ್ಜಿ ಸೂಜಿಯನ್ನು ಯಾವಾಗಲೂ ಹಾಗೆಯೇ ಕಚ್ಚಿಕೊಳ್ಳುತ್ತಿದ್ದಳು. ಸುಕ್ಕುಗಳು ಒಂದೊಂದಾಗಿ ಮೇಲೆದ್ದವು. ಕೊನೆಗೆ ಕೆನ್ನೆಯ ಮೇಲೆ ಒಂದು ಚುಕ್ಕೆ ಮೂಡಿ ದಪ್ಪವಾಯಿತು.

“ಅಪ್ಪಾ! ಮಚ್ಚೆ ನೋಡು. ಈ ಕಡೆ! ನಾನು ಹೇಳಿರಲಿಲ್ವಾ? ಈ ಕಡೆ!”

ಅಪ್ಪ ತಟ್ಟೆಯ ಮೇಲೆ ಬಗ್ಗಿದ. “ಹೌದಲ್ಲ” ಎಂದ ಮೆಲ್ಲಗೆ. “ಅವ್ವಾ...” ಎಂದ ಇನ್ನೂ ಮೆಲ್ಲಗೆ. ಆಮೇಲೆ ಗಾಬರಿಯಾಗಿ, “ಅಂದ್ರೆ ಇಷ್ಟು ವರ್ಷ ನಾನೇ ತಪ್ಪು ತಿಳ್ಕೊಂಡಿದ್ನಾ? ನನ್ನ ಅವ್ವನ ಮುಖ ನಂಗೇ ಗೊತ್ತಿಲ್ವಾ?” ಎಂದ.

ಅಪ್ಪನ ದನಿಯಲ್ಲಿದ್ದದ್ದು ಏನು ಎಂದು ನೀಲಳಿಗೆ ಕೂಡಲೇ ತಿಳಿಯಿತು. ನೆನ್ನೆ ಮಲ್ಲಿಗೆ ಬಳ್ಳಿಯ ಹತ್ತಿರ ಅವಳಿಗೆ ಆದದ್ದು ಅದೇ ತಾನೆ? ಗೆದ್ದ ಖುಷಿ ಅಲ್ಲೇ ಇಳಿದುಹೋಯಿತು.

“ಯಾರದ್ದೂ ತಪ್ಪಿಲ್ಲ” ಎಂದು ವೆಂಕಟಗಿರಿ ನಕ್ಕರು. “ಇದು ಕನ್ನಡೀಲಿ ಬಿದ್ದಿರೋ ಮುಖ ಅಲ್ವಾ? ಕನ್ನಡೀಲಿ ಈ ಕಡೆಯದು ಆ ಕಡೆ ಕಾಣುತ್ತೆ.”

ನೀಲ ತಟ್ಟೆಯನ್ನೇ ನೋಡುತ್ತಿದ್ದಳು. ಬಾಚಣಿಗೆ, ಮಣೆ, ಗೋಡೆಗೆ ಒರಗಿಸಿದ ಕನ್ನಡಿ. ಕೊಲಂಬೋ ಹಡಗು. ಎಲ್ಲ ಒಟ್ಟಿಗೆ ಬಂದವು.

“ಅಪ್ಪಾ, ನಾನು ಅಜ್ಜೀನ ಕನ್ನಡೀಲೇ ನೋಡ್ತಿದ್ದೆ” ಎಂದಳು. “ಅಜ್ಜಿ ದಿನಾ ನನ್ನ ಹಿಂದೆ ಕೂತ್ಕೊಳ್ತಿತ್ತು. ಕತೆ ಹೇಳೋವಾಗೆಲ್ಲ ನಂಗೆ ಕನ್ನಡೀಲಿ ಕಾಣ್ತಿತ್ತು.”

ಅಪ್ಪ ತಟ್ಟೆಯಿಂದ ತಲೆ ಎತ್ತಿ ಅವಳನ್ನು ನೋಡಿದ.

“ನಂಗೆ ಎದುರಿಗೆ” ಎಂದ. “ಚಿಕ್ಕೋನಿದ್ದಾಗ ಅವ್ವ ಊರಿಂದ ಬರ್ತಾಳೆ ಅಂದ್ರೆ ಸಿಟಿ ಸ್ಟೇಷನ್ನಿಗೆ ಹೋಗಿ ಕಾಯ್ತಿದ್ದೆ. ರೈಲಿಳಿದು, ಬುಟ್ಟಿ ಹೊತ್ಕೊಂಡು, ಅಷ್ಟು ಜನರ ಮಧ್ಯೆ ನನ್ನನ್ನೇ ನೋಡ್ಕೊಂಡು ಎದುರಿಗೆ ಬರ್ತಿದ್ಲು. ನಂಗೆ ಅವ್ವ ಅಂದ್ರೆ ಆ ಮುಖ.”

ಕೆಂಪು ದೀಪದಲ್ಲಿ ಅಪ್ಪನ ಕಣ್ಣು ಒದ್ದೆಯಾಗಿ ಹೊಳೆಯಿತು. ವೆಂಕಟಗಿರಿ ಬೇಕೆಂದೇ ಬಾಟಲಿಗಳನ್ನು ಜೋಡಿಸತೊಡಗಿದರು.

“ಪ್ಲೇಟನ್ನ ತಿರುವಿ ಹಾಕಿದ್ರೆ ಮಚ್ಚೆ ನಿಮ್ಮ ಕಡೆಗೆ ಬರುತ್ತೆ ನಾರಾಯಣಪ್ಪ. ಆದ್ರೆ ಒಂದು ವಿಷಯ. ದೊಡ್ಡ ಕಾಗದ ನನ್ನ ಹತ್ರ ಒಂದೇ ಉಳಿದಿದೆ. ಬೇರೆ ತರೋಣ ಅಂದ್ರೆ ಇವತ್ತು ಭಾನುವಾರ, ನಾಳೆ ಹಬ್ಬ, ಅಂಗಡಿ ತೆಗೆಯೋದಿಲ್ಲ. ಹೇಗೆ ಮಾಡ್ಲಿ? ಹೀಗೇ ಇರ್ಲಾ, ತಿರುವಿ ಹಾಕ್ಲಾ?”

ಅಪ್ಪ ನೀಲಳ ಕಡೆ ನೋಡಿದ. “ಕಂಡುಹಿಡಿದವಳು ಅವಳು. ಅವಳು ಹೇಳಿದ ಹಂಗೇ ಮಾಡಿ.”

ತಟ್ಟೆಯೊಳಗಿನ ಅಜ್ಜಿ ನೀಲಳ ಅಜ್ಜಿಯೇ. ಕೈ ಚಾಚಿದರೆ ತಲೆಗೆ ತಾಗುವಷ್ಟು ಹತ್ತಿರ. ನೀಲಳಿಗೆ “ಹೀಗೇ ಇರ್ಲಿ” ಎನ್ನಬೇಕು ಅಂತ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಸ್ಟೇಷನ್ನಿನಲ್ಲಿ ಕಾಯುತ್ತ ನಿಂತ ಪುಟ್ಟ ಅಪ್ಪ ಕಣ್ಣ ಮುಂದೆ ಬಂದ. ಚಡ್ಡಿ ಹಾಕಿಕೊಂಡು, ಕತ್ತು ಉದ್ದ ಮಾಡಿ.

“ತಿರುವಿ ಹಾಕಿ” ಎಂದಳು.

“ಆ ಸಣ್ಣದನ್ನ ನಾನು ಇಟ್ಕೊಳ್ಲಾ?” ಎಂದೂ ಕೇಳಿದಳು.

“ಅದು ನಿಲ್ಲಲ್ಲ ಪುಟ್ಟ. ಅದು ಬರೀ ಪರೀಕ್ಷೆಗೆ. ಗಟ್ಟಿ ಮಾಡೋ ಔಷಧಿ ದೊಡ್ಡ ಕಾಗದಕ್ಕೆ ಆಗೋಷ್ಟೇ ಉಳಿದಿದೆ, ಇದನ್ನ ಬೆಳಕಿಗೆ ತಂದ್ರೆ ಕಪ್ಪಾಗಿಬಿಡುತ್ತೆ.”

ಆದರೂ ನೀಲ ಅದನ್ನು ಅಂಗೈಯಲ್ಲಿ ಹಿಡಿದು ಹೊರಗೆ ತಂದಳು. ಬಿಸಿಲಲ್ಲಿ ಅಜ್ಜಿ ಮೆಲ್ಲಮೆಲ್ಲಗೆ ಕಂದಾದಳು. ಸೂಜಿ ಹೋಯಿತು, ಬಳೆ ಹೋಯಿತು. ಮದುವೆಯ ಮಾರನೆಯ ದಿನದ ಜಡೆಯ ಹಾಗೆ. ಅವಳು ಕೊನೆಯವರೆಗೂ ನೋಡಿದಳು.

ಅಮಾವಾಸ್ಯೆಯ ದಿನ ನಡುಮನೆಯಲ್ಲಿ ಎಡೆ ಸಿದ್ಧವಾಯಿತು. ಬಾಳೆಲೆಯ ಮೇಲೆ ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಸೀರೆ, ಎಲೆ ಅಡಿಕೆ. ಅಜ್ಜಿಗೆ ರೈಲ್ವೆ ಸ್ಟೇಷನ್ನಿನ ಕಾಫಿ ಅಂದರೆ ಪ್ರಾಣ ಎಂದು ಅಪ್ಪ ಬೆಳಿಗ್ಗೆಯೇ ಸಿಟಿ ಸ್ಟೇಷನ್ನಿಗೆ ಹೋಗಿ ಕೂಜಾದಲ್ಲಿ ಕಾಫಿ ತಂದಿದ್ದ. ಮಲ್ಲಿಗೆಯ ಕಾಲ ಮುಗಿದಿತ್ತು. ನೀಲ ಬಳ್ಳಿಯಲ್ಲಿ ಅಲ್ಲೊಂದು ಇಲ್ಲೊಂದು ಹುಡುಕಿ ಒಂದು ಹಿಡಿ ಮೊಗ್ಗು ತಂದು, ಅಜ್ಜಿಯ ಸೂಜಿ ಡಬ್ಬಿಯ ಪಕ್ಕ ಇಟ್ಟಳು.

ನಡುವೆ ಫೋಟೋ. ಸೂಜಿ ಕಚ್ಚಿಕೊಂಡ ಅಜ್ಜಿ ತನ್ನ ಜಡೆಯನ್ನೇ ನೋಡುತ್ತಿದ್ದಳು. ಮಚ್ಚೆ ಬಾಗಿಲ ಕಡೆಗಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನಮ್ಮವ್ವ! ಬಾಯಿಂದ ಸೂಜಿ ತೆಗೆದು ಈಗ ಬೈತಾಳೆ ಅನ್ನೋ ಹಂಗಿದೆ” ಎಂದಳು. ಆಮೇಲೆ ನೀಲಳ ಗಲ್ಲ ಹಿಡಿದು, “ನೀನು ಮರೆತಿಲ್ಲ ಕಣೇ. ನಾನು ಹಂಗೆ ಅನ್ನಬಾರದಾಗಿತ್ತು” ಎಂದಳು.

ಬಸವಲಿಂಗಪ್ಪನವರ ಚಿತ್ರ ಏನಾಯಿತು ಅಂತೀರಾ? ಅದಕ್ಕೆ ಅವರೇ ಕೈಗೆ ಕಮಲ ಬರೆದುಕೊಟ್ಟರು. ಈಗ ದೇವರ ಕೋಣೆಯಲ್ಲಿದೆ. ಮಚ್ಚೆ ಇರುವ ಲಕ್ಷ್ಮಿ ಬೇರೆ ಯಾರ ಮನೆಯಲ್ಲೂ ಇಲ್ಲ.

ದೀಪ ಹಚ್ಚಿ ಎಲ್ಲರೂ ಹೊರಗೆ ಬಂದರು. ಹಿರಿಯರು ಬಂದು ಊಟ ಮಾಡುವಾಗ ಯಾರೂ ಒಳಗಿರಬಾರದು ಎಂದು ಬಾಗಿಲು ಮುಂದೆ ಮಾಡಿದರು. ಅಪ್ಪ ಜಗಲಿಯ ಅಂಚಿನಲ್ಲಿ ರಸ್ತೆಯ ಕಡೆಗೇ ನೋಡುತ್ತ ನಿಂತಿದ್ದ. ಯಾರೋ ಎದುರಿಗೆ ನಡೆದು ಬರುತ್ತಾರೆ ಎನ್ನುವ ಹಾಗೆ. ನೀಲ ಹೋಗಿ ಅವನ ಪಕ್ಕ ನಿಂತಳು. ಇಬ್ಬರೂ ಒಟ್ಟಿಗೆ ಕಾದರು.

ಮಾರನೆಯ ಬೆಳಿಗ್ಗೆ ಸ್ಕೂಲು. ಫೋಟೋ ಆಗಲೇ ನಡುಮನೆಯ ಗೋಡೆ ಏರಿತ್ತು. ಅಮ್ಮ ಬಾಚಣಿಗೆ ಹಿಡಿದು, “ಬಾರೇ, ಹೊತ್ತಾಯ್ತು” ಎಂದು ಕರೆದಳು.

ನೀಲ ಕನ್ನಡಿಯನ್ನು ಎಂದಿನ ಜಾಗದಲ್ಲಿ ಇಡಲಿಲ್ಲ. ಅದನ್ನು ಎತ್ತಿಕೊಂಡು ಬಂದು ಫೋಟೋದ ಎದುರುಗೋಡೆಗೆ ಒರಗಿಸಿದಳು. ಮಣೆ ಎಳೆದುಕೊಂಡು, ಅಜ್ಜಿಯ ಫೋಟೋಗೆ ಬೆನ್ನು ಹಾಕಿ ಕುಳಿತಳು.

“ಅಲ್ಲೇ ಯಾಕೆ ಕೂತೆ? ಹಿರಿಯರಿಗೆ ಬೆನ್ನು ಹಾಕ್ತಾರೇನೇ?” ಎಂದಳು ಅಮ್ಮ.

“ಅಜ್ಜಿ ದಿನಾ ನನ್ನ ಬೆನ್ನೇ ಅಲ್ವೇನಮ್ಮ ನೋಡ್ತಿದ್ದಿದ್ದು?”

ಅಮ್ಮ ಬಾಚಣಿಗೆ ಎತ್ತಿ ಹಾಗೆಯೇ ನಿಂತಳು. ನೀಲ ಕನ್ನಡಿಯನ್ನು ಒಂದಿಷ್ಟು ಓರೆ ಮಾಡಿದಳು. ಅವಳ ಭುಜದ ಹಿಂದೆ ಅಜ್ಜಿ ಬಂದಳು. ಸೂಜಿ ಕಚ್ಚಿಕೊಂಡು, ಬೆರಳು ಮುಂದೆ ಮಾಡಿಕೊಂಡು. ಮಚ್ಚೆ ಈ ಕಡೆಗೇ ಇತ್ತು.

“ಈಗ ಬಾಚಮ್ಮ” ಎಂದಳು ನೀಲ. “ಸ್ವಲ್ಪ ಪಕ್ಕಕ್ಕೆ ಕೂತ್ಕೋ. ಅಜ್ಜಿಗೆ ಅಡ್ಡ ಆಗುತ್ತೆ.”